ಮೂರನೇ ಕ್ಲಾಸಿಗೆ ಬಂದರೂ ಮಗು ಕನ್ನಡ ಓದಲು ತಡವರಿಸುತ್ತಿದೆಯೇ? ಮನೆಯಲ್ಲೇ ಓದು, ವ್ಯಾಕರಣ ಕಲಿಸುವ ಸಮಗ್ರ ಮಾರ್ಗದರ್ಶಿ

"ದಿನಾ ಕೂರಿಸಿಕೊಂಡು ಓದಿಸ್ತೀವಿ, ಆದ್ರೂ ಬರಲ್ಲ" ಎನ್ನುವವರ ಮನೆಯಲ್ಲಿ ಸಾಮಾನ್ಯವಾಗಿ ನಡೆಯುವುದು ಹೀಗೆ. ನಾಳೆ ಶಾಲೆಯಲ್ಲಿ ಯಾವ ಪಾಠವೋ ಅದನ್ನೇ ಹತ್ತು ಸಲ ಓದಿಸುತ್ತಾರೆ. ಐದನೇ ಸಲಕ್ಕೆ ಪಾಠ ಮಗುವಿಗೆ ಬಾಯಿಪಾಠವಾಗಿರುತ್ತದೆ. ಬೆರಳು ಒಂದು ಸಾಲಿನ ಮೇಲೆ, ಬಾಯಿ ಇನ್ನೊಂದು ಸಾಲಿನಲ್ಲಿ. ಹತ್ತನೇ ಸಲ ಸರಾಗವಾಗಿ ಒಪ್ಪಿಸಿದಾಗ "ಓದಿತು" ಎಂದು ಪುಸ್ತಕ ಮುಚ್ಚುತ್ತಾರೆ. ಮುಂದಿನ ವಾರ ಹೊಸ ಪಾಠ ಬಂದರೆ ಮಗು ಮತ್ತೆ ಮೊದಲ ಸಾಲಿನಲ್ಲೇ ನಿಲ್ಲುತ್ತದೆ.

ಶ್ರಮದಲ್ಲಿ ಕೊರತೆಯಿಲ್ಲ, ಕ್ರಮ ತಪ್ಪಿದೆ. ಮಗು ಕಾಗುಣಿತದಲ್ಲಿ ಸಿಕ್ಕಿಕೊಂಡಿದ್ದರೆ ಅಲ್ಲಿಂದಲೇ ಶುರುಮಾಡಬೇಕು, ಅದು ನಾಲ್ಕನೇ ಕ್ಲಾಸಿನಲ್ಲಿದ್ದರೂ ಸರಿ. ಈ ಬರಹ 7ರಿಂದ 11 ವರ್ಷದ ಮಕ್ಕಳ ಮನೆಯವರಿಗೆ. ಕನ್ನಡ ಮಾಧ್ಯಮವಾದರೂ ಸರಿ, ಇಂಗ್ಲಿಷ್ ಮಾಧ್ಯಮದಲ್ಲಿ ಕನ್ನಡ ಎರಡನೇ ಭಾಷೆಯಾಗಿದ್ದರೂ ಸರಿ, ಮೆಟ್ಟಿಲುಗಳು ಇವೇ.

## ಮೊದಲು ಜೋಡಿಸಿಕೊಳ್ಳಬೇಕಾದದ್ದು

ಒಂದು ಸ್ಲೇಟು, ಬಳಪ. ಹಳೆಯ ಮದುವೆ ಕಾರ್ಡುಗಳು: ಹಿಂಬದಿ ಖಾಲಿ ಇರುವುದರಿಂದ ಕತ್ತರಿಸಿದರೆ ಗಟ್ಟಿ ಅಕ್ಷರಪಟ್ಟಿಗಳಾಗುತ್ತವೆ. ಕಪ್ಪು ಮತ್ತು ಕೆಂಪು ಸ್ಕೆಚ್ ಪೆನ್. ಮಗು ಈಗಿರುವ ಕ್ಲಾಸಿಗಿಂತ ಒಂದೆರಡು ಕ್ಲಾಸು ಕೆಳಗಿನ ಕನ್ನಡ ಪಠ್ಯಪುಸ್ತಕ. ಪಕ್ಕದ ಮನೆಯಲ್ಲಿ ಹಳೆಯದು ಸಿಗುತ್ತದೆ, ಇಲ್ಲವಾದರೆ ಕರ್ನಾಟಕ ಪಠ್ಯಪುಸ್ತಕ ಸಂಘದ ಜಾಲತಾಣದಿಂದ ಇಳಿಸಿಕೊಳ್ಳಬಹುದು. ಪ್ರಥಮ್ ಬುಕ್ಸ್‌ನವರ ಸ್ಟೋರಿವೀವರ್‌ನಲ್ಲಿ ಕನ್ನಡದ ಚಿತ್ರಕಥೆಗಳು ಪುಕ್ಕಟೆ ಸಿಗುತ್ತವೆ. ಅಲ್ಲಿ ಹಂತ 1, ಹಂತ 2 ಎಂದು ಗುರುತು ಹಾಕಿರುವುದರಿಂದ ಆರಿಸುವುದು ಸುಲಭ. ಕೊನೆಯದಾಗಿ, ನಿಮಗೇ ಒಂದು ನೋಟ್‌ಬುಕ್. ಮಗು ಯಾವ ಪದವನ್ನು ಹೇಗೆ ಓದಿತು ಎಂಬುದನ್ನು ಮಗು ಓದಿದ ಹಾಗೆಯೇ ಬರೆದಿಡಲು. ಇದನ್ನು ಬಿಡಬೇಡಿ, ಮುಂದಿನ ಎಲ್ಲ ತೀರ್ಮಾನಗಳು ಇದರ ಮೇಲೆ ನಿಂತಿವೆ.

ಗೋಡೆಗೆ ಅಂಟಿಸುವ ಕಾಗುಣಿತದ ದೊಡ್ಡ ಚಾರ್ಟು ಬೇಕಿಲ್ಲ. ಅಂಟಿಸಿದ ಮೂರನೇ ದಿನದಿಂದ ಅದನ್ನು ಯಾರೂ ನೋಡುವುದಿಲ್ಲ.

## ಹಂತ 1: ಎಲ್ಲಿ ಸಿಕ್ಕಿಕೊಂಡಿದೆ ಎಂದು ಪತ್ತೆ ಮಾಡಿ

ಇದಕ್ಕೆ ಒಂದು ಸಂಜೆ ಸಾಕು. ಪರೀಕ್ಷೆ ಎನ್ನಬೇಡಿ, ಪಕ್ಕದಲ್ಲಿ ಕೂತು ಒಂದೊಂದೇ ಪಟ್ಟಿ ತೋರಿಸಿ. ದೇಶದಾದ್ಯಂತ ಹಳ್ಳಿಗಳ ಮಕ್ಕಳ ಓದನ್ನು ಅಳೆಯುವ ಅಸರ್ ಸಮೀಕ್ಷೆಯಲ್ಲೂ ಅಕ್ಷರ, ಪದ, ಚಿಕ್ಕ ಪ್ಯಾರಾ, ಕಥೆ ಎಂಬ ಮೆಟ್ಟಿಲುಗಳೇ ಇರುತ್ತವೆ. ಕನ್ನಡಕ್ಕೆ ನಡುವೆ ಒಂದು ಮೆಟ್ಟಿಲು ಹೆಚ್ಚು ಬೇಕು, ಏಕೆಂದರೆ ಗುಣಿತ ಬರುವ ಎಷ್ಟೋ ಮಕ್ಕಳಿಗೆ ಒತ್ತು ಬರುವುದಿಲ್ಲ.

ಅ. ಬಿಡಿ ಅಕ್ಷರ, ಕಲಸಿದ ಕ್ರಮದಲ್ಲಿ: ಸ, ಬ, ಹ, ಡ, ಯ, ಲ, ಎ, ಕ, ಣ, ಉ.

ಆ. ಒತ್ತಿಲ್ಲದ ಪದ: ಬಾವಿ, ಗಿಳಿ, ಮೀನು, ಕುದುರೆ, ಹೂವು, ಸೇಬು, ಕೊಡೆ, ಟೋಪಿ, ಪೈರು, ಹಂದಿ.

ಇ. ಒತ್ತಿರುವ ಪದ: ಅಜ್ಜ, ಬೆಕ್ಕು, ಅನ್ನ, ಕತ್ತೆ, ಹಲ್ಲಿ, ಪುಸ್ತಕ, ರಾತ್ರಿ, ಚಂದ್ರ, ವರ್ಷ, ಶಾಸ್ತ್ರ.

ಈ. ಹೊಸ ಪ್ಯಾರಾ: "ನಿನ್ನೆ ಜೋರು ಮಳೆ ಬಂತು. ರಾಜು ಕೊಡೆ ಮರೆತು ಬಂದಿದ್ದ. ಅವನ ಚೀಲ ಒದ್ದೆಯಾಯಿತು. ಪುಸ್ತಕವನ್ನು ಒಲೆಯ ಹತ್ತಿರ ಇಟ್ಟು ಒಣಗಿಸಿದ." ಓದಿದ ಮೇಲೆ ಕೇಳಿ: ಚೀಲ ಯಾಕೆ ಒದ್ದೆಯಾಯಿತು?

ಉ. ಕೇಳಿ ಅರ್ಥಮಾಡಿಕೊಳ್ಳುವುದು: ಒಂದು ಪುಟದ ಕಥೆಯನ್ನು ನೀವೇ ಓದಿ ಹೇಳಿ, ಎರಡು ಪ್ರಶ್ನೆ ಕೇಳಿ.

ಹತ್ತಕ್ಕೆ ಎಂಟು ಸರಿಯಿದ್ದರೆ ಆ ಮೆಟ್ಟಿಲು ದಾಟಿದೆ ಎಂದು ಲೆಕ್ಕ. ಎಲ್ಲಿ ಎಂಟಕ್ಕಿಂತ ಕಡಿಮೆಯಾಯಿತೋ ಅದೇ ನಿಮ್ಮ ಆರಂಭದ ಜಾಗ. 'ಉ' ಕೂಡ ಬರದಿದ್ದರೆ, ಅಂದರೆ ಕೇಳಿದ ಕಥೆಯೂ ಅರ್ಥವಾಗದಿದ್ದರೆ, ತೊಂದರೆ ಓದಿನಲ್ಲಷ್ಟೇ ಇಲ್ಲ. ಭಾಷೆಯೇ ಸಾಲದು. ಮನೆಮಾತು ತುಳು, ಕೊಂಕಣಿ, ಉರ್ದು, ತೆಲುಗು, ಮರಾಠಿ ಇರುವ ಮನೆಗಳಲ್ಲಿ ಮತ್ತು ಹೊರದೇಶದಲ್ಲಿ ಬೆಳೆಯುವ ಮಕ್ಕಳಲ್ಲಿ ಇದು ಸಹಜ. ಅಂಥವರಿಗೆ ಮೊದಲ ಒಂದೆರಡು ತಿಂಗಳು ಕಥೆ ಹೇಳುವುದು, ಮಾತಾಡಿಸುವುದೇ ಮುಖ್ಯ ಕೆಲಸ. ಅಕ್ಷರ ಅದರ ಜೊತೆಜೊತೆಗೆ ನಿಧಾನವಾಗಿ ಬರಲಿ.

ಇಲ್ಲಿ ಆಗುವ ತಪ್ಪು: ಪಠ್ಯಪುಸ್ತಕದ ಪಾಠದಿಂದಲೇ ಪರೀಕ್ಷಿಸುವುದು. ಬಾಯಿಪಾಠವೋ ಓದೋ ಎಂದು ಅನುಮಾನವಿದ್ದರೆ ಪಾಠದ ಕೊನೆಯ ಸಾಲಿನ ನಡುವಿನ ಪದಕ್ಕೆ ಬೆರಳಿಟ್ಟು ಕೇಳಿ. ಓದಬಲ್ಲ ಮಗು ಹೇಳುತ್ತದೆ. ಬಾಯಿಪಾಠ ಮಾಡಿದ ಮಗು ಮೊದಲ ಸಾಲಿನಿಂದ ಗುನುಗುತ್ತಾ ಅಲ್ಲಿಯವರೆಗೆ ಬರಲು ನೋಡುತ್ತದೆ.

## ಹಂತ 2: ಮೊದಲು ಕಿವಿ, ಆಮೇಲೆ ಕಣ್ಣು

ಪುಸ್ತಕವಿಲ್ಲದೆ, ದಿನಕ್ಕೆ ಐದು ನಿಮಿಷ. ದಾರಿಯಲ್ಲಿ ನಡೆಯುವಾಗಲೂ ಆಗುತ್ತದೆ.

ಪದ ಹೇಳಿ ಚಪ್ಪಾಳೆಯಲ್ಲಿ ಒಡೆಸಿ: ಕ-ಮ-ಲ, ಮೂರು ಚಪ್ಪಾಳೆ. ಆಮೇಲೆ "ಕಮಲದಲ್ಲಿ ಮ ತೆಗೆದರೆ?" ಕಲ. "ಮರದ ಮೊದಲನೇದು ತೆಗೆದು ಸ ಹಾಕು." ಸರ. ಇದು ಬರುವ ಮಗುವಿಗೆ ಪದ ಎಂಬುದು ಬಿಡಿಬಿಡಿ ತುಂಡುಗಳ ಜೋಡಣೆ ಎಂದು ಗೊತ್ತಾಗಿದೆ.

ನಂತರ ಹ್ರಸ್ವ-ದೀರ್ಘದ ಜೋಡಿಗಳು: ಕರು–ಕಾರು, ಬಳೆ–ಬಾಳೆ, ಬಲ–ಬಾಲ. ಆಮೇಲೆ ಒತ್ತಿನ ಜೋಡಿಗಳು: ಕತೆ–ಕತ್ತೆ, ಬಳಿ–ಬಳ್ಳಿ, ಹಳಿ–ಹಳ್ಳಿ. ನೀವು ಒಂದನ್ನು ಹೇಳಿ, ಮಗು ಯಾವುದೆಂದು ಚಿತ್ರ ತೋರಿಸಲಿ ಅಥವಾ ಅರ್ಥ ಹೇಳಲಿ. ಕತೆಗೂ ಕತ್ತೆಗೂ ಕಿವಿಯಲ್ಲೇ ವ್ಯತ್ಯಾಸ ತಿಳಿಯದ ಮಗುವಿಗೆ ಕಾಗದದ ಮೇಲೆ ತ ಒತ್ತು ತೋರಿಸಿ ಏನೂ ಪ್ರಯೋಜನವಿಲ್ಲ.

ಹಳೇ ಮೈಸೂರು ಕಡೆಯ ಮನೆಗಳಲ್ಲಿ ಹಾಲು "ಆಲು" ಆಗುವುದುಂಟು, ಹಕ್ಕಿಯೂ ಅಕ್ಕಿಯೂ ಒಂದೇ ಆಗುವುದುಂಟು. ಮಗುವನ್ನು ಗದರಬೇಡಿ, ಅದು ಮನೆಯಲ್ಲಿ ಕೇಳಿದ್ದನ್ನೇ ಹೇಳುತ್ತಿದೆ. ಆದರೆ ಬರೆಯುವಾಗ ಹ ಬಿಟ್ಟುಹೋಗುವುದಕ್ಕೆ ಇದೇ ಕಾರಣ ಎಂದು ನಿಮಗೆ ಗೊತ್ತಿರಲಿ. ಅಕ್ಕಿ–ಹಕ್ಕಿ, ಆಡು–ಹಾಡು, ಆರು–ಹಾರು ಎಂದು ಬಾಯಿಯ ಮುಂದೆ ಅಂಗೈ ಹಿಡಿಸಿ ಹೇಳಿಸಿದರೆ ಹ ಬಂದಾಗ ಕೈಗೆ ಉಸಿರು ತಾಗುತ್ತದೆ.

## ಹಂತ 3: ಅಕ್ಷರ, ಆದರೆ ಅ ಆ ಇ ಈ ಕ್ರಮದಲ್ಲಲ್ಲ

ವರ್ಣಮಾಲೆಯಲ್ಲಿ 49 ಅಕ್ಷರಗಳಿವೆ: 13 ಸ್ವರ, 34 ವ್ಯಂಜನ, 2 ಯೋಗವಾಹ. ಅಕಾರದಿಂದ ಳಕಾರದವರೆಗೆ ಸಾಲಾಗಿ ಕಲಿಸಲು ಹೊರಟರೆ ಓದಬಹುದಾದ ಒಂದು ಪದ ಮಗುವಿನ ಕೈಗೆ ಸಿಗಲು ವಾರಗಳೇ ಹಿಡಿಯುತ್ತವೆ. ಸರ್ಕಾರಿ ಶಾಲೆಗಳ ನಲಿ-ಕಲಿ ಕಲಿಕಾ ಪದ್ಧತಿಯಲ್ಲಿ ಬರೆಯಲು ಸುಲಭವಾದ, ಆಕಾರದಲ್ಲಿ ಹತ್ತಿರದ ಅಕ್ಷರಗಳಿಂದ ಶುರುಮಾಡುತ್ತಾರೆ: ರ, ಗ, ಸ, ದ, ಅ. ಐದೇ ಅಕ್ಷರಕ್ಕೆ ಸರ, ದರ, ರಸ, ಅರಸ, ಅಗಸ, ಗರಗಸ ಸಿಗುತ್ತವೆ. ಮುಂದಿನ ಗುಂಪು ಜ, ವ, ಮ, ಬ, ನ ಸೇರಿದರೆ ಮರ, ಜನ, ದನ, ಬಸವ, ನಗರ. ಇಂಗ್ಲಿಷ್ ಮಾಧ್ಯಮದ ಮಗುವಿಗೂ ಇದೇ ಕ್ರಮ ಹಿಡಿಯಿರಿ.

1. ಒಂದು ಸಲಕ್ಕೆ ಎರಡೇ ಹೊಸ ಅಕ್ಷರ. ಸ್ಲೇಟಿನ ಮೇಲೆ ದೊಡ್ಡದಾಗಿ ಬರೆದು ಬೆರಳಿನಿಂದ ತಿದ್ದಿಸಿ. ತಿದ್ದುವಾಗ ಶಬ್ದ ಹೇಳುತ್ತಲೇ ಇರಬೇಕು.
2. ಅದೇ ದಿನ ಹಳೆಯ ಅಕ್ಷರಗಳ ಜೊತೆ ಸೇರಿಸಿ ಪದ ಮಾಡಿಸಿ. ಪದವಾಗದ ಅಕ್ಷರ ಉಳಿಯುವುದಿಲ್ಲ.
3. ಮಾರನೇ ದಿನ ಹಳೆಯ ಪಟ್ಟಿಗಳನ್ನು ಕಲಸಿ ತೋರಿಸಿ. ಮೂರು ದಿನ ಸತತ ಸರಿ ಹೇಳಿದ ಪಟ್ಟಿ 'ಗೆದ್ದ' ಡಬ್ಬಕ್ಕೆ ಹೋಗಲಿ.

ಆದರೆ ಗೊಂದಲವಾಗುವಷ್ಟು ಒಂದೇ ಥರ ಕಾಣುವವನ್ನು ಒಂದೇ ವಾರ ಕಲಿಸಬೇಡಿ: ಬ–ಭ, ದ–ಧ–ಥ, ಡ–ಢ, ಪ–ಷ–ಫ. ಬ ಗಟ್ಟಿಯಾಗಿ ಎರಡು ವಾರ ಕಳೆದ ಮೇಲೆ ಭ ಬರಲಿ. ಙ, ಞ, ಝ, ಛ ಇವುಗಳಿಗೆ ಅವಸರವೇ ಇಲ್ಲ. ಮೊದಲ ಆರು ತಿಂಗಳು ಇವಿಲ್ಲದೆ ನೂರಾರು ಪದ ಓದಬಹುದು.

## ಹಂತ 4: ಕಾಗುಣಿತ

ಬಹುಪಾಲು ಮಕ್ಕಳು ನಿಲ್ಲುವುದು ಇಲ್ಲಿ. "ಕ ತಲೆಕಟ್ಟು ಕ, ಕ ಇಳಿ ಕಾ, ಕ ಗುಡಿಸು ಕಿ" ಎಂದು ಒಂದೇ ಉಸಿರಿಗೆ ಹೇಳುವ ಮಗುವಿಗೆ ನಡುವಿನ 'ಕೆ' ತೋರಿಸಿ ನೋಡಿ. ಮತ್ತೆ ಮೊದಲಿನಿಂದ ರಾಗ ಶುರು. ಅದಕ್ಕೆ ಹಾಡು ಬಂದಿದೆ, ಗುಣಿತ ಬಂದಿಲ್ಲ. ಹಾಡು ತಪ್ಪಲ್ಲ, ಶಾಲೆಯಲ್ಲಿ ಹೇಳಿಸಿದರೆ ಹೇಳಲಿ. ಮನೆಯಲ್ಲಿ ನೀವು ಬೇರೆ ದಾರಿ ಹಿಡಿಯಿರಿ.

ಒಂದು ಅಕ್ಷರಕ್ಕೆ ಎಲ್ಲ ಚಿಹ್ನೆ ಕಲಿಸುವ ಬದಲು, ಒಂದು ಚಿಹ್ನೆಯನ್ನು ಎಲ್ಲ ಅಕ್ಷರಗಳಿಗೆ ಹಾಕಿಸಿ. ಮೊದಲ ವಾರ ಇಳಿ ಮಾತ್ರ: ರಾ, ಗಾ, ಸಾ, ದಾ, ಮಾ, ಬಾ, ನಾ. ಪದಗಳು: ರಾಗ, ಸಾರ, ದಾರ, ಬಾಣ, ಮಾವ, ಮಾನವ. ಚಿಹ್ನೆಯನ್ನು ಕೆಂಪಿನಲ್ಲಿ, ಅಕ್ಷರವನ್ನು ಕಪ್ಪಿನಲ್ಲಿ ಬರೆಯಿರಿ. ಒಂದು ವಾರದಲ್ಲಿ ಮಗುವಿಗೆ ಕೆಂಪು ಇಳಿ ಕಂಡರೆ ಬಾಯಿ ತಾನಾಗಿ ಅಗಲವಾಗುತ್ತದೆ. ಆಮೇಲೆ ಕೆಂಪು ಬಿಟ್ಟು ಪೂರ್ತಿ ಕಪ್ಪಿನಲ್ಲೇ ಬರೆಯಿರಿ, ಇಲ್ಲವಾದರೆ ಬಣ್ಣವನ್ನೇ ಓದುತ್ತಿರುತ್ತದೆ.

ಚಿಹ್ನೆಗಳ ಕ್ರಮ ಹೀಗಿರಲಿ:

1. ಇಳಿ (ಕಾ)
2. ಗುಡಿಸು (ಕಿ)
3. ಕೊಂಬು (ಕು)
4. ಎತ್ವ (ಕೆ)
5. ಒತ್ವ (ಕೊ)
6. ಸೊನ್ನೆ (ಕಂ)
7. ಇವುಗಳ ದೀರ್ಘ (ಕೀ, ಕೂ, ಕೇ, ಕೋ)
8. ಐತ್ವ, ಔತ್ವ (ಕೈ, ಕೌ)
9. ವಟ್ರಸುಳಿ (ಕೃ)

ದೀರ್ಘಗಳನ್ನು ಒಟ್ಟಿಗೆ ಇಟ್ಟದ್ದಕ್ಕೆ ಕಾರಣವಿದೆ. ಕೀ, ಕೇ, ಕೋ ಮೂರರಲ್ಲೂ ಪಕ್ಕಕ್ಕೆ ಬರುವ ದೀರ್ಘದ ಗುರುತು ಒಂದೇ. "ಈ ಗುರುತು ಬಂದರೆ ಹಿಂದಿನದನ್ನು ಎಳೆ" ಎಂದು ಒಮ್ಮೆ ತೋರಿಸಿದರೆ ಮೂರು ಚಿಹ್ನೆ ಬೇರೆಬೇರೆಯಾಗಿ ಕಲಿಯುವ ಹೊರೆ ತಪ್ಪುತ್ತದೆ. ಕೂ ಮಾತ್ರ ಬೇರೆ, ಅದಕ್ಕೆ ಕೊಂಬಿಳಿ.

ಮಕ್ಕಳು ಎಡವುವ ಜಾಗಗಳು ಬಹುತೇಕ ಇವೇ:

ಗುಡಿಸು–ಎತ್ವ: ತಿ ಮತ್ತು ತೆ, ನಿ ಮತ್ತು ನೆ. ಎರಡೂ ತಲೆಯ ಮೇಲೆ ಬರುತ್ತವೆ. "ಮನೆ"ಯನ್ನು "ಮನಿ" ಎಂದರೆ ಬರೀ ಕಣ್ಣಿನ ತಪ್ಪು ಎನ್ನಲಾಗದು, ಉತ್ತರ ಕರ್ನಾಟಕದ ಮನೆಗಳಲ್ಲಿ ಮಾತೇ ಹಾಗಿದೆ. ಹಾಗಾಗಿ ಪರೀಕ್ಷಿಸಲು ಬಿಳಿ–ಬೆಳೆ, ಗಿಡ–ಗೆರೆ, ಕಿವಿ–ಕೆರೆ ಥರದ ಪದ ಬಳಸಿ.

ಒತ್ವ: ಕೊ ಬರೆಯುವಾಗ ಮೇಲೆ ಎತ್ವ, ಪಕ್ಕದಲ್ಲಿ ಕೊಂಬಿಳಿ, ಎರಡೂ ಇರುತ್ತವೆ. ಮಗು ಒಂದನ್ನು ಮಾತ್ರ ನೋಡಿ ಕೊಡೆಯನ್ನು "ಕೆಡೆ" ಎನ್ನುತ್ತದೆ, ಇಲ್ಲವೇ "ಕೂಡೆ" ಎನ್ನುತ್ತದೆ. ಯಾವುದು ಹೇಳಿತು ಎಂದು ಬರೆದಿಟ್ಟರೆ ಯಾವ ಭಾಗ ಕಾಣುತ್ತಿಲ್ಲ ಎಂಬುದು ನಿಮಗೆ ಗೊತ್ತಾಗುತ್ತದೆ.

ಹಟಮಾರಿಗಳು: ಪು, ವು ಇವುಗಳ ಕೊಂಬು ಉಳಿದ ಅಕ್ಷರಗಳ ಹಾಗೆ ಪಕ್ಕಕ್ಕೆ ಚಾಚುವುದಿಲ್ಲ. ಅದಕ್ಕೇ ವು ಮತ್ತು ಮ ಅದಲುಬದಲಾಗುತ್ತವೆ. ಮೊ, ಯೊ ರೂಪಗಳೂ ಬೇರೆ. ಇವುಗಳಿಗೆ ಪ್ರತ್ಯೇಕ ಪಟ್ಟಿ ಮಾಡಿ, ಹೂವು–ಹೂಮಾಲೆ, ಮೊಲ, ಮೊಸರು ಎಂದು ಪದಗಳಲ್ಲೇ ಕಲಿಸಿ.

ಸೊನ್ನೆಗೆ ನಿಯಮ ಹೇಳಬೇಡಿ. ಅಂಗಡಿ, ಪಂಚೆ, ಗಂಟೆ, ಹಂದಿ, ಕಂಬ ಎಂದು ಓದಿಸಿದರೆ ಮುಂದಿನ ಅಕ್ಷರಕ್ಕೆ ತಕ್ಕಂತೆ ನಾಲಿಗೆ ತಾನೇ ಹೊರಳುತ್ತದೆ.

ಎಚ್ಚರಿಕೆಯ ಗುರುತು: ಓದುವಾಗ ಪ್ರತಿ ಅಕ್ಷರಕ್ಕೂ ತುಟಿಯಲ್ಲಿ "ಗ ಗುಡಿಸು…" ಎಂದು ಪಿಸುಗುಟ್ಟುತ್ತಿದ್ದರೆ ಮುಂದಿನ ಹಂತಕ್ಕೆ ಹೋಗಬೇಡಿ. "ಗುಡಿಸು ಅನ್ನಬೇಡ, ನೇರ ಗಿ ಅನ್ನು" ಎಂದು ನಿಧಾನವಾಗಿ ಬಿಡಿಸಿ. ಹೆಸರು ಹೇಳಿ ಶಬ್ದಕ್ಕೆ ಬರುವಷ್ಟರಲ್ಲಿ ಪದದ ಮೊದಲ ಅಕ್ಷರ ಮರೆತುಹೋಗಿರುತ್ತದೆ.

## ಹಂತ 5: ಒತ್ತಕ್ಷರ

ಮೂರು ಕಂತುಗಳಲ್ಲಿ ಕಲಿಸಿ, ಹಿಂದುಮುಂದಾಗಬಾರದು.

ಮೊದಲ ಕಂತು: ತಮ್ಮ ಕೆಳಗೆ ತಾವೇ ಬರುವ ಸಜಾತೀಯ ಒತ್ತುಗಳು. ಅದರಲ್ಲೂ ಮೊದಲು ತಲೆಕಟ್ಟು ಬಿಟ್ಟು ಅದೇ ಆಕಾರದಲ್ಲಿ ಉಳಿಯುವಂಥವು: ಅಕ್ಕ, ಅಜ್ಜ, ಹಿಟ್ಟು, ದುಡ್ಡು, ಎದ್ದು, ಅಪ್ಪ, ಹಬ್ಬ, ಬೆಳ್ಳಿ. ಆಮೇಲೆ ವೇಷ ಬದಲಿಸುವವು: ತ, ನ, ಮ, ಯ, ಲ. ಅತ್ತೆ, ಅನ್ನ, ಅಮ್ಮ, ಅಯ್ಯೋ, ಎಲ್ಲಿ. ಈ ಐದು, ಜೊತೆಗೆ ಮುಂದೆ ಬರುವ ರ ಒತ್ತು, ಒಟ್ಟು ಆರನ್ನು ಒಂದು ಕಾರ್ಡಿನಲ್ಲಿ ಮೂಲ ಅಕ್ಷರದ ಪಕ್ಕದಲ್ಲೇ ಬರೆದು ಮಗುವಿನ ಪುಸ್ತಕದಲ್ಲಿಡಿ. ಅದನ್ನು ನೋಡಿಕೊಂಡು ಓದಿದರೆ ತಪ್ಪೇನಿಲ್ಲ.

ಎರಡನೇ ಕಂತು: ಬೇರೆ ಅಕ್ಷರದ ಒತ್ತು. ಪುಸ್ತಕ, ಚಂದ್ರ, ವಿದ್ಯೆ, ಪ್ರೀತಿ, ರಾತ್ರಿ. ಇಲ್ಲಿ 'ರಾತ್ರಿ'ಯನ್ನು ಹತ್ತಿರದಿಂದ ನೋಡೋಣ. ಗುಡಿಸು ಇರುವುದು ಮೇಲಿನ ತ ಮೇಲೆ, ಕೆಳಗೆ ರ ಒತ್ತು. ಕಣ್ಣಿಗೆ ಕಂಡ ಕ್ರಮದಲ್ಲೇ ಓದಿದ ಮಗು "ರಾತಿರ" ಎನ್ನುತ್ತದೆ. ಅದರ ತರ್ಕದಲ್ಲಿ ತಪ್ಪಿಲ್ಲ, ಗುಡಿಸು ತ ಮೇಲೆಯೇ ಇದೆಯಲ್ಲ! ಗುಡಿಸು ಕೂತಿರುವುದು ಮೇಲೆ, ಕೇಳಿಸುವುದು ಒತ್ತಿನ ನಂತರ ಎಂದು ಯಾರೂ ಅದಕ್ಕೆ ಹೇಳಿರುವುದಿಲ್ಲ. ಬೆರಳಿನಲ್ಲಿ ದಾರಿ ತೋರಿಸಿ: ಮೊದಲು ಮೇಲಿನ ಅಕ್ಷರ, ಅರ್ಧ ಶಬ್ದ, "ತ್", ಕೆಳಗಿಳಿದು ಒತ್ತು, "ರ್", ಮತ್ತೆ ಮೇಲೆ ಹತ್ತಿ ಗುಡಿಸು, "ಇ". ತ್–ರ್–ಇ, ತ್ರಿ. ಮಂತ್ರಿ, ಭಕ್ತಿ, ಪ್ರೀತಿ, ಮುದ್ರೆ, ಹಳ್ಳಿ ಎಲ್ಲಕ್ಕೂ ಇದೇ ದಾರಿ. ಒಂದು ವಾರ ಬೆರಳು ಓಡಾಡಿದರೆ ಆಮೇಲೆ ಕಣ್ಣೇ ಓಡಾಡುತ್ತದೆ.

ಮೂರನೇ ಕಂತು: ಅರ್ಕಾವೊತ್ತು. ಸೂರ್ಯ, ವರ್ಷ, ಧರ್ಮ, ಕಾರ್ಯ. ಬರೆಯುವುದು ಅಕ್ಷರದ ಆಚೆ, ಹೇಳುವುದು ಅಕ್ಷರಕ್ಕೂ ಮೊದಲು. "ಸೂಯರ" ಎಂಬ ಓದು ಬರುವುದು ಇದರಿಂದಲೇ. ಎರಡನೇ ಕಂತಿನ ನಿಯಮಕ್ಕೆ ಇದು ಪೂರ್ತಿ ತಿರುಗುಮುರುಗಾದ್ದರಿಂದ ಎರಡನ್ನೂ ಒಂದೇ ವಾರ ಕಲಿಸಿದರೆ ಎರಡೂ ಕೆಡುತ್ತವೆ. ಎರಡು ಒತ್ತಿರುವ ಶಾಸ್ತ್ರ, ರಾಷ್ಟ್ರ, ಸ್ತ್ರೀ ಕಟ್ಟಕಡೆಗೆ.

## ಹಂತ 6: ಪದದಿಂದ ಸಾಲಿಗೆ

ಮಗುವಿಗೆ ಕೊಡುವ ಪುಟದಲ್ಲಿ ಹತ್ತು ಪದಕ್ಕೆ ಒಂದಕ್ಕಿಂತ ಹೆಚ್ಚು ಕಡೆ ಎಡವಿದರೆ ಆ ಪುಸ್ತಕ ಈಗ ಬೇಡ. ಕೆಳಗಿನ ಹಂತದ್ದು ತೆಗೆಯಿರಿ. "ಇದು ಚಿಕ್ಕ ಮಕ್ಕಳದು" ಎಂದು ಮಗು ಮುಖ ಸಿಂಡರಿಸಿದರೆ, ತಂಗಿಗೋ ತಮ್ಮನಿಗೋ ಓದಿ ಹೇಳುವ ಕೆಲಸ ಕೊಡಿ. ಮರ್ಯಾದೆಯೂ ಉಳಿಯುತ್ತದೆ, ಓದೂ ನಡೆಯುತ್ತದೆ.

1. ನೀವು ಒಂದು ಸಾಲು ಬೆರಳಿಟ್ಟು ಓದಿ, ಮಗು ಅದೇ ಸಾಲು ಓದಲಿ.
2. ಇಬ್ಬರೂ ಒಟ್ಟಿಗೆ ಓದಿ. ನಿಮ್ಮ ದನಿ ಸ್ವಲ್ಪ ತಗ್ಗಿರಲಿ.
3. ಮಗು ಒಂದೇ ಓದಲಿ.
4. ಸಾಲುಗಳನ್ನು ಹಿಂದುಮುಂದು ಮಾಡಿ ಓದಿಸಿ, ಬಾಯಿಪಾಠ ಬಯಲಾಗುತ್ತದೆ.
5. ಒಂದು ಪ್ರಶ್ನೆ ಕೇಳಿ, "ಯಾಕೆ" ಎಂದು ಶುರುವಾಗುವಂಥದ್ದು.

ತಡವರಿಸಿದಾಗ ಮನಸ್ಸಿನಲ್ಲೇ ಐದು ಎಣಿಸಿ. ಬಹಳ ಜನ ಎರಡಕ್ಕೇ ಪದ ಹೇಳಿಬಿಡುತ್ತಾರೆ, ಮಗುವೂ ಅದಕ್ಕೆ ಕಾದು ಕೂರುವುದನ್ನು ಕಲಿಯುತ್ತದೆ. ಐದಾದ ಮೇಲೆ ಮೊದಲ ಅಕ್ಷರ ಹೇಳಿ. ಆಗಲೂ ಬರದಿದ್ದರೆ ಪದ ಹೇಳಿ ಮುಂದೆ ಹೋಗಿ, ಅಲ್ಲಿ ಪಾಠ ಮಾಡಲು ನಿಲ್ಲಬೇಡಿ.

ಎಲ್ಲ ತಪ್ಪೂ ತಪ್ಪಲ್ಲ. ಪುಸ್ತಕದಲ್ಲಿ "ಮಗು ಹಾಲು ಕುಡಿಯಿತು" ಎಂದಿದ್ದು ಮಗು "ಕುಡೀತು" ಎಂದು ಓದಿದರೆ ಅದಕ್ಕೆ ಅರ್ಥವಾಗಿದೆ. ಅರ್ಥವಾದ್ದರಿಂದಲೇ ತನ್ನ ಮಾತಿಗೆ ಬದಲಿಸಿಕೊಂಡಿದೆ. ಬಿಟ್ಟುಬಿಡಿ. "ಕುಡಿಯಿತು" ಇದ್ದಲ್ಲಿ "ಕಡಿಯಿತು" ಎಂದು ಓದಿ ಹಾಗೇ ಮುಂದೆ ಹೋದರೆ ಮಾತ್ರ ಸಾಲು ಮುಗಿದ ಮೇಲೆ ನಿಲ್ಲಿಸಿ, "ಹಾಲನ್ನು ಕಡಿಯೋದಾ?" ಎಂದು ಕೇಳಿ.

ಇನ್ನು ಉದ್ದ ಪದಗಳು. ಅಕ್ಷರವೆಲ್ಲ ಬರುವ ಮಗುವೂ "ಹಕ್ಕಿಗಳನ್ನು", "ನೋಡುತ್ತಿದ್ದಾರೆ" ಎಂಬಲ್ಲಿ ಸುಸ್ತಾಗುತ್ತದೆ. ಕನ್ನಡದಲ್ಲಿ ಉದ್ದವೆಲ್ಲ ಬಾಲದಲ್ಲಿರುತ್ತದೆ, ಆ ಬಾಲಗಳು ಮತ್ತೆ ಮತ್ತೆ ಅವೇ ಬರುತ್ತವೆ. ‑ಗಳು, ‑ಗಳನ್ನು, ‑ಯಲ್ಲಿ, ‑ದಿಂದ, ‑ತ್ತಾನೆ, ‑ತ್ತಿದ್ದಾರೆ ಎಂದು ಹತ್ತು ಹನ್ನೆರಡು ಬಾಲಗಳ ಕಾರ್ಡು ಮಾಡಿ, ಒಂದೇ ನೋಟಕ್ಕೆ ಗುರುತಿಸುವಂತೆ ಅಭ್ಯಾಸ ಮಾಡಿಸಿ. ಆಮೇಲೆ ಪದದ ಬಾಲವನ್ನು ಹೆಬ್ಬೆರಳಿನಿಂದ ಮುಚ್ಚಿ, ತಲೆ ಓದಿಸಿ, ಬೆರಳು ತೆಗೆಯಿರಿ. ಹಕ್ಕಿ–ಗಳನ್ನು. ನೋಡು–ತ್ತಿದ್ದಾರೆ. ಹೀಗೆ ಮಾಡಿದಾಗ ನೀವು ಆಗಲೇ ವ್ಯಾಕರಣಕ್ಕೆ ಕಾಲಿಟ್ಟಿದ್ದೀರಿ.

## ಹಂತ 7: ವ್ಯಾಕರಣ: ಬಾಯಲ್ಲಿ ಮೊದಲು, ಹೆಸರು ಕೊನೆಗೆ

"ಪ್ರಥಮಾ ಉ, ದ್ವಿತೀಯಾ ಅನ್ನು, ತೃತೀಯಾ ಇಂದ" ಎಂದು ಗಡಗಡ ಒಪ್ಪಿಸಿ, "ನಾನು ಪುಸ್ತಕ ಓದುತ್ತಾನೆ" ಎಂದು ಬರೆಯುವ ಮಕ್ಕಳು ಬೇಕಾದಷ್ಟಿದ್ದಾರೆ. ನಾಲ್ಕು ಸಾಲಿನ ಪ್ಯಾರಾ ಓದಲು ಬರುವವರೆಗೆ ವ್ಯಾಕರಣವನ್ನು ಕಾಗದಕ್ಕೆ ತರಬೇಡಿ. ಬಾಯಿಮಾತಿನ ಆಟ ಮಾತ್ರ ಮೊದಲ ದಿನದಿಂದಲೇ ಆಡಬಹುದು.

### 7.1 ಆಡುಮಾತು ಮತ್ತು ಪುಸ್ತಕದ ಮಾತು

ನೋಟ್‌ಬುಕ್ಕಿನ ನಡುವೆ ಗೆರೆ ಎಳೆಯಿರಿ. ಎಡಕ್ಕೆ "ನಾವು ಅನ್ನೋದು", ಬಲಕ್ಕೆ "ಪುಸ್ತಕ ಅನ್ನೋದು". ಮನೇಲಿ – ಮನೆಯಲ್ಲಿ. ಹೋಗ್ತೀನಿ – ಹೋಗುತ್ತೇನೆ. ಧಾರವಾಡದ ಮಗುವಾದರೆ ಎಡಕ್ಕೆ "ಮನ್ಯಾಗ" ಬರಲಿ. ಎಡಗಡೆಯದು ತಪ್ಪು ಎಂದು ಎಲ್ಲೂ ಹೇಳಬೇಡಿ. ಅಜ್ಜಿಯ ಮಾತು ತಪ್ಪು ಎಂದು ಕಲಿತ ಮಗು ಬಾಯಿ ಬಿಡುವುದನ್ನೇ ಕಡಿಮೆ ಮಾಡುತ್ತದೆ.

### 7.2 ಕರ್ತೃ–ಕ್ರಿಯಾಪದ

ಒಂದು ಕ್ರಿಯೆ ಹಿಡಿದು ಒಂಬತ್ತು ಜನರ ಬಾಯಲ್ಲಿ ಹೇಳಿಸಿ: ನಾನು ಓಡುತ್ತೇನೆ, ನಾವು ಓಡುತ್ತೇವೆ, ನೀನು ಓಡುತ್ತೀಯೆ, ನೀವು ಓಡುತ್ತೀರಿ, ಅವನು ಓಡುತ್ತಾನೆ, ಅವಳು ಓಡುತ್ತಾಳೆ, ಅವರು ಓಡುತ್ತಾರೆ, ಅದು ಓಡುತ್ತದೆ, ಅವು ಓಡುತ್ತವೆ. ಕಡೆಯ ಜೋಡಿಯ ಮೇಲೆ ಹೆಚ್ಚು ಹೊತ್ತು ಕೊಡಿ. "ಹಕ್ಕಿಗಳು ಹಾರುತ್ತದೆ" ಎಂಬ ತಪ್ಪು ಮಕ್ಕಳ ನೋಟ್‌ಬುಕ್ಕಿನಲ್ಲಿ ಮಾತ್ರವಲ್ಲ, ದೊಡ್ಡವರ ಬರಹದಲ್ಲೂ ಧಾರಾಳವಾಗಿದೆ. ನಂತರ ನಿನ್ನೆ, ಈಗ, ನಾಳೆ ಎಂದು ಕಾಲ ಬದಲಿಸಿ: ಓಡಿದನು, ಓಡುತ್ತಾನೆ, ಓಡುವನು.

### 7.3 ವಿಭಕ್ತಿ

ಪ್ರಶ್ನೆಗಳ ಮೂಲಕ ಕಲಿಸಿ. "ರವಿ ಅಂಗಡಿಯಿಂದ ತಂಗಿಗೆ ಬಳೆಯನ್ನು ತಂದನು." ಯಾರು? ಏನನ್ನು? ಎಲ್ಲಿಂದ? ಯಾರಿಗೆ? ಉತ್ತರದ ಬಾಲಕ್ಕೆ ಕೆಂಪು ಗೆರೆ ಹಾಕಿಸಿ. ಬಾಲ ತಪ್ಪಿದರೆ ಅರ್ಥ ಹೇಗೆ ಕೆಡುತ್ತದೆ ಎಂದು ತೋರಿಸಲು ಬಾಲಗಳನ್ನು ಅದಲುಬದಲು ಮಾಡಿ: "ರವಿಗೆ ತಂಗಿ ಬಳೆಯನ್ನು ತಂದಳು." ತಂದವರು ಯಾರಾದರು ಈಗ?

ಮಕ್ಕಳಿಗೆ ಗೊಂದಲವಾಗುವುದು ಒಂದೇ ವಿಭಕ್ತಿ ಬೇರೆಬೇರೆ ವೇಷದಲ್ಲಿ ಬರುವುದರಿಂದ. ನಾಲ್ಕು ಪದ ಇಟ್ಟುಕೊಳ್ಳಿ:

ಮರ: ಮರವನ್ನು, ಮರದಿಂದ, ಮರಕ್ಕೆ, ಮರದ, ಮರದಲ್ಲಿ.
ಮನೆ: ಮನೆಯನ್ನು, ಮನೆಯಿಂದ, ಮನೆಗೆ, ಮನೆಯ, ಮನೆಯಲ್ಲಿ.
ಊರು: ಊರನ್ನು, ಊರಿನಿಂದ, ಊರಿಗೆ, ಊರಿನ, ಊರಿನಲ್ಲಿ.
ಹುಡುಗ: ಹುಡುಗನನ್ನು, ಹುಡುಗನಿಂದ, ಹುಡುಗನಿಗೆ, ಹುಡುಗನ, ಹುಡುಗನಲ್ಲಿ.

ಹೊಸ ಪದ ಬಂದಾಗ "ಇದು ಮರದ ಮನೆಯವನಾ, ಊರಿನ ಮನೆಯವನಾ?" ಎಂದು ಕೇಳಿ. ಹೊಲ ಮರದ ಕಡೆ, ಕಾಡು ಊರಿನ ಕಡೆ, ಶಾಲೆ ಮನೆಯ ಕಡೆ. ಹೀಗೆ ಗುಂಪು ಹಾಕುವುದು ಬಂದ ಮೇಲೆ ಪ್ರಥಮಾ, ದ್ವಿತೀಯಾ ಎಂಬ ಹೆಸರು ಅಂಟಿಸಲು ಎರಡು ದಿನ ಸಾಕು. ಪಂಚಮಿಯ "ದೆಸೆಯಿಂದ" ಈಗ ಬಳಕೆಯಲ್ಲಿಲ್ಲ, ಮಾತಿನಲ್ಲಿ ತೃತೀಯಾದ "ಇಂದ"ವೇ ಎರಡೂ ಕೆಲಸ ಮಾಡುತ್ತದೆ. ಪರೀಕ್ಷೆಗಾಗಿ ಹಾಗೆಯೇ ನೆನಪಿಟ್ಟುಕೊಳ್ಳಲು ಹೇಳಿ, ವಿವರಿಸಲು ಹೋಗಬೇಡಿ.

### 7.4 ಸಂಧಿ

ಮೇಲಿನದು ಗಟ್ಟಿಯಾದ ಮೇಲೆ. ಮಗುವಿಗೆ ಆಗಲೇ ಗೊತ್ತಿರುವ ಪದಗಳನ್ನು ಒಡೆಸಿ. ಮನೆ + ಅನ್ನು, "ನಡುವೆ ಯ ಎಲ್ಲಿಂದ ಬಂತು?" ಅದು ಆಗಮ. ಮಗು + ಇಗೆ ಮಗುವಿಗೆ ಆದಾಗ ವ ಬಂತು, ಅದೂ ಆಗಮ. ಮಾತು + ಇಲ್ಲ ಮಾತಿಲ್ಲ, ಉ ಹೋಯಿತು, ಲೋಪ. ಮಳೆ + ಕಾಲ ಮಳೆಗಾಲ, ಕ ಹೋಗಿ ಗ ಬಂತು, ಆದೇಶ. ಬಂದದ್ದು, ಹೋದದ್ದು, ಬದಲಾದದ್ದು: ಮೂರೇ ಪ್ರಶ್ನೆ.

## ಹಂತ 8: ಬರವಣಿಗೆ

ನಕಲು ಬರೆಯುವುದರಿಂದ ಕೈಬರಹ ದುಂಡಗಾಗಬಹುದು, ಓದು ಬರುವುದಿಲ್ಲ. ದಿನಕ್ಕೆ ಐದು ಪದ, ಒಂದು ವಾಕ್ಯದ ಉಕ್ತಲೇಖನ ಸಾಕು, ಅದೂ ಆ ವಾರ ಓದಿದ ಪದಗಳದ್ದು. ತಪ್ಪಿದ ಪದವನ್ನು ಹತ್ತು ಸಲ ಬರೆಸಬೇಡಿ. ತಪ್ಪಿದ ಭಾಗಕ್ಕೆ ಮಾತ್ರ ಸುತ್ತು ಹಾಕಿ, ಮಾರನೇ ದಿನದ ಪಟ್ಟಿಗೆ ಅದೇ ಪದ ಸೇರಿಸಿ.

## ದಿನಕ್ಕೆ ಎಷ್ಟು ಹೊತ್ತು?

25 ನಿಮಿಷ, ವಾರಕ್ಕೆ ಐದಾರು ದಿನ. ಹಳೆಯ ಪಟ್ಟಿಗಳಿಗೆ 5, ಹೊಸದಕ್ಕೆ 5, ಓದಿಗೆ 10, ಮಾತಿನ ವ್ಯಾಕರಣಕ್ಕೆ 5. ಭಾನುವಾರ ಎರಡು ಗಂಟೆ ಕೂರಿಸಿದರೆ ಇದಕ್ಕೆ ಸಮನಾಗುವುದಿಲ್ಲ. ಇಂಗ್ಲಿಷ್ ಓದನ್ನು ಇದರ ಬೆನ್ನಿಗೇ ಇಡಬೇಡಿ, ನಡುವೆ ಆಟವೋ ಊಟವೋ ಬರಲಿ. ರಾತ್ರಿ ಮಲಗುವ ಮುಂಚೆ ನೀವು ಕಥೆ ಓದಿ ಹೇಳುವುದು ಬೇರೆಯೇ, ಅದರಲ್ಲಿ ಪ್ರಶ್ನೆ, ತಿದ್ದುವಿಕೆ ಯಾವುದೂ ಬೇಡ. ನಿಮಗೇ ಕನ್ನಡ ಓದಲು ಬಾರದಿದ್ದರೆ ಹಂತ 2 ಮತ್ತು 7.2ನ್ನು ನೀವು ಮಾಡಿ, ಪಟ್ಟಿ ತೋರಿಸುವ ಕೆಲಸವನ್ನು ದೊಡ್ಡ ಮಗುವಿಗೋ ಪಕ್ಕದ ಮನೆಯ ಹೈಸ್ಕೂಲ್ ಹುಡುಗಿಗೋ ವಹಿಸಿ.

ಅಣ್ಣನ ಜೊತೆ ಹೋಲಿಸುವುದು, ನೆಂಟರ ಮುಂದೆ ಓದಿಸುವುದು: ಇವೆರಡರಿಂದ ಒಂದು ತಿಂಗಳ ಕೆಲಸ ಒಂದು ಸಂಜೆಯಲ್ಲಿ ಹಾಳಾಗುತ್ತದೆ.

## ಯಾವಾಗ ಹೊರಗಿನ ಸಹಾಯ ಬೇಕು?

ಎಲ್ಲಕ್ಕೂ ಮೊದಲು ಕಣ್ಣು, ಕಿವಿ ಪರೀಕ್ಷೆ ಮಾಡಿಸಿ. ಪುಸ್ತಕವನ್ನು ಮೂಗಿನ ಹತ್ತಿರ ಹಿಡಿಯುವುದು, ಬೋರ್ಡಿನಿಂದ ತಪ್ಪಾಗಿ ಬರೆದುಕೊಳ್ಳುವುದು, ಕರೆದರೆ ಎರಡನೇ ಸಲಕ್ಕೆ ತಿರುಗುವುದು, ಆಗಾಗ ಕಿವಿ ಸೋರುವುದು, ಇವನ್ನು "ಗಮನ ಇಲ್ಲ" ಎಂದು ತಳ್ಳಿಹಾಕಬೇಡಿ.

ಮೂರು ನಾಲ್ಕು ತಿಂಗಳು ತಪ್ಪದೆ ಮಾಡಿದ ಮೇಲೂ ಕೆಳಗಿನವು ಹಾಗೇ ಉಳಿದಿದ್ದರೆ ತಜ್ಞರಿಗೆ ತೋರಿಸಿ:

- ಒಂದೇ ಪದವನ್ನು ಒಂದೇ ಪುಟದಲ್ಲಿ ಮೂರು ಥರ ಓದುತ್ತದೆ.
- ನಿನ್ನೆ ಗಟ್ಟಿಯಾಗಿದ್ದ ಅಕ್ಷರ ಇಂದು ಪೂರ್ತಿ ಹೊಸದು, ಇದು ವಾರಗಟ್ಟಲೆ ನಡೆಯುತ್ತಿದೆ.
- ಕೇಳಿದ ಕಥೆಯನ್ನು ಚೆನ್ನಾಗಿ ಹೇಳುತ್ತದೆ, ಓದು ಮಾತ್ರ ಬರುವುದೇ ಇಲ್ಲ.
- ಮಾತು ತಡವಾಗಿ ಬಂದಿತ್ತು, ಅಥವಾ ಮನೆತನದಲ್ಲಿ ಬೇರೆಯವರಿಗೂ ಓದಿನ ತೊಂದರೆ ಇತ್ತು.
- ಓದು ಎಂದ ಕೂಡಲೇ ಹೊಟ್ಟೆನೋವು, ತಲೆನೋವು.

ಇದು ಡಿಸ್ಲೆಕ್ಸಿಯಾ (ಓದು ಕಲಿಯುವುದೇ ಕಷ್ಟವಾಗುವ ತೊಂದರೆ) ಇರಬಹುದು, ಇಲ್ಲದೆಯೂ ಇರಬಹುದು. ಮನೆಯಲ್ಲಿ ಕೂತು ಹೆಸರಿಡಬೇಡಿ. ಬುದ್ಧಿಗೂ ಇದಕ್ಕೂ ಸಂಬಂಧವಿಲ್ಲ ಎಂಬುದನ್ನು ಮಾತ್ರ ಅಜ್ಜ ಅಜ್ಜಿಗೂ ತಿಳಿಸಿ ಹೇಳಿ. ಬೆಂಗಳೂರಿನ ನಿಮ್ಹಾನ್ಸ್‌ನ ಮಕ್ಕಳ ಮನೋವೈದ್ಯ ವಿಭಾಗದಲ್ಲಿ ಕಲಿಕೆಯ ತೊಂದರೆಯ ಪರೀಕ್ಷೆ ನಡೆಯುತ್ತದೆ. ಕಿವಿ, ಮಾತಿನ ತೊಂದರೆಗೆ ಮೈಸೂರಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ ಇದೆ. ಸರ್ಕಾರಿ ಶಾಲೆಗಳಿಗೆ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ವೈದ್ಯರ ತಂಡ ಬರುತ್ತದೆ. ಅವರು ಬರುವ ದಿನ ಮಗುವನ್ನು ಶಾಲೆಗೆ ತಪ್ಪಿಸಬೇಡಿ, ನಿಮ್ಮ ಅನುಮಾನವನ್ನು ಮೇಷ್ಟ್ರ ಮೂಲಕ ಮೊದಲೇ ತಿಳಿಸಿ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯಲ್ಲಿ ಕಲಿಕಾ ನ್ಯೂನತೆಯೂ ಸೇರಿದೆ. ಪ್ರಮಾಣಪತ್ರವಿದ್ದರೆ ಮುಂದೆ ಪರೀಕ್ಷೆಗಳಲ್ಲಿ ಹೆಚ್ಚಿನ ಸಮಯದಂಥ ಸೌಲಭ್ಯ ಕೇಳಬಹುದು.

ಹೋಗುವಾಗ ಶಾಲೆಯ ಎರಡು ವರ್ಷದ ಕನ್ನಡ ನೋಟ್‌ಬುಕ್ಕುಗಳು, ಕನ್ನಡಕವಿದ್ದರೆ ಅದು, ಹಂತ 1ರಿಂದ ನೀವು ಬರೆದಿಟ್ಟ ತಪ್ಪುಗಳ ನೋಟ್‌ಬುಕ್ ಜೊತೆಗಿರಲಿ. "ಓದಲ್ಲ ಡಾಕ್ಟ್ರೇ" ಎನ್ನುವುದಕ್ಕಿಂತ "ಒತ್ತಿಲ್ಲದ ಹತ್ತು ಪದಕ್ಕೆ ಒಂಬತ್ತು ಓದುತ್ತೆ, ಒತ್ತಿರೋದು ನಾಲ್ಕು ತಿಂಗಳಿಂದ ಮೂರಕ್ಕೇ ನಿಂತಿದೆ" ಎಂದರೆ ಅವರ ಕೆಲಸ ಅರ್ಧ ಮುಗಿದಂತೆ.